ಜೀನ್ಸ್ ಯೂನಿಟ್‌ನ ಲೆಕ್ಕ ಬರೆಯುವ ಹುಡುಗಿಗೆ ಯಾವ ಕಾಲೇಜು?

ಹುಡುಗಿಯ ವಯಸ್ಸು 18. ಊರು ಬಳ್ಳಾರಿ. ಪಿಯುಸಿ ಕಾಮರ್ಸ್ ಮುಗಿದಿದೆ, ಮಾರ್ಕ್ಸ್ ಚೆನ್ನಾಗಿದೆ. ತಂದೆಗೆ ಜೀನ್ಸ್ ಹೊಲಿಯುವ ಸಣ್ಣ ಯೂನಿಟ್ ಇದೆ, ಅಣ್ಣ ಅಲ್ಲೇ ಕಟಿಂಗ್ ನೋಡಿಕೊಳ್ಳುತ್ತಾನೆ. ಇಲ್ಲಿ ಅವಳನ್ನು ಸುಮಾ ಎನ್ನೋಣ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.

ಸುಮಾಗೆ ಬಿಸಿನೆಸ್ ಓದಬೇಕು. ಆದರೆ ಬಿಕಾಂ ಬೇಡ, ಬಿಬಿಎ ಬೇಡ. ಹೊರರಾಜ್ಯದ ಒಂದು ಲಿಬರಲ್ ಆರ್ಟ್ಸ್ (ಹಲವು ವಿಷಯ ಒಟ್ಟಿಗೆ ಓದಿಸುವ) ವಿಶ್ವವಿದ್ಯಾಲಯಕ್ಕೆ ಸೇರಿ ಅರ್ಥಶಾಸ್ತ್ರ ಮೇಜರ್ (ಮುಖ್ಯ ವಿಷಯ), ಬಿಸಿನೆಸ್ ಮೈನರ್ (ಜೊತೆಗಿನ ಕಿರು ವಿಷಯ) ಮಾಡುವ ಆಸೆ. ಸಲಹೆ ಕೇಳಲು ಮನೆಯವರು ನನ್ನ ಹತ್ತಿರ ಬಂದಿದ್ದರು. ತಂದೆ ಕುರ್ಚಿಯಲ್ಲಿ ಕೂತವರೇ ಕೇಳಿದರು: "ಮೇಡಂ, ಬಿಎ ಓದ್ಸಾಕ ಇಷ್ಟ್ ರೊಕ್ಕ ಯಾಕ್ ಸುರೀಬೇಕ್ರೀ? ಇಲ್ಲೇ ಬಿಕಾಂ ಮಾಡ್ಲಿ, ಮನ್ಯಾಗ ಇರ್ತಾಳ."

ಅವರ ಅನುಮಾನದಲ್ಲಿ ತಪ್ಪೇನಿಲ್ಲ. ಈ ಬಗೆಯ ಕಾಲೇಜುಗಳು ಬಿಸಿನೆಸ್ ಅನ್ನು ಒಂದೇ ರೀತಿಯಲ್ಲಿ ಕಲಿಸುವುದಿಲ್ಲ. ಅಮೆರಿಕದ ಹೆಸರಾಂತ ಲಿಬರಲ್ ಆರ್ಟ್ಸ್ ಕಾಲೇಜುಗಳಾದ ವಿಲಿಯಮ್ಸ್, ಆಮ್‌ಹರ್ಸ್ಟ್‌ಗಳಲ್ಲಿ ಬಿಸಿನೆಸ್ ಮೇಜರ್ ಇಲ್ಲವೇ ಇಲ್ಲ. ಅಲ್ಲಿಯ ಮಕ್ಕಳು ಅರ್ಥಶಾಸ್ತ್ರ ಓದಿ ವ್ಯಾಪಾರದ ಕಡೆ ಹೋಗುತ್ತಾರೆ. ನಮ್ಮಲ್ಲೂ ಸೋನಿಪತ್‌ನ ಅಶೋಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಮೇಜರ್ ಇದೆ, ಪುಣೆಯ ಫ್ಲೇಮ್ ವಿಶ್ವವಿದ್ಯಾಲಯದಲ್ಲಿ ಬಿಬಿಎ ಪದವಿಯೇ ಇದೆ. ಹಾಗಾಗಿ ಪದವಿಯ ಹೆಸರು ನೋಡಿದರೆ ಸಾಲದು, ಒಳಗೆ ಯಾವ ಯಾವ ಪೇಪರ್ ಇವೆ ಎಂದು ನೋಡಬೇಕು.

ಅದಕ್ಕೂ ಮುಂಚೆ ಹುಡುಗಿಗೆ ಏನು ಬೇಕು ಅನ್ನೋದು ಗೊತ್ತಾಗಬೇಕಿತ್ತು. "ಬಿಸಿನೆಸ್‌ನಲ್ಲಿ ನಿನಗೆ ಏನು ತಿಳಿಯಬೇಕಮ್ಮ?" ಎಂದೆ. ಅವಳು ಬ್ಯಾಗಿನಿಂದ ಉದ್ದನೆಯ ಲೆಕ್ಕದ ಪುಸ್ತಕ ತೆಗೆದಳು. ಒಂದು ಪ್ಯಾಂಟಿಗೆ ಬಟ್ಟೆ ಎಷ್ಟು, ಜಿಪ್ ಎಷ್ಟು, ಬಟನ್, ರಿವೆಟ್, ದಾರ, ಹೊಲಿಗೆ ಕೂಲಿ, ವಾಷಿಂಗ್, ಪ್ಯಾಕಿಂಗ್. ಎಲ್ಲ ರೂಪಾಯಿ ಪೈಸೆ ಸಮೇತ. ಪಕ್ಕದಲ್ಲಿ ಎರಡು ತಾರೀಕು: ಮಾಲು ಹೋದ ದಿನ, ರೊಕ್ಕ ಬಂದ ದಿನ. ನಡುವಿನ ಅಂತರವನ್ನು ಕೆಂಪು ಪೆನ್ನಿನಲ್ಲಿ ಬರೆದಿದ್ದಳು. ಮೂರು ತಿಂಗಳು, ನಾಲ್ಕು ತಿಂಗಳು. ಕೆಲವು ಕಡೆ ಎರಡನೆಯ ತಾರೀಕೇ ಇರಲಿಲ್ಲ.

"ಪ್ಯಾಂಟಿಗೆ ಲಾಭ ಇದೆ ಮೇಡಂ. ಆದ್ರೂ ಶನಿವಾರ ಟೈಲರ್‌ಗಳಿಗೆ ಬಟವಾಡೆ ಮಾಡಾಕ ಅಪ್ಪ ಬಡ್ಡಿಗೆ ತರ್ತಾರ. ಕಾನೂನು ಇದ್ರೂ ಯಾಕೆ ಕೇಳಲ್ಲ?"

ಅವಳು ಹೇಳಿದ ಕಾನೂನು ನಿಜವಾಗಿ ಇದೆ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಸಣ್ಣ ತಯಾರಕರಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. 2024ರ ಏಪ್ರಿಲ್ 1ರಿಂದ ಆದಾಯ ತೆರಿಗೆಯಲ್ಲೂ ಬಿಗಿ ಬಂತು: ಗಡುವು ಮೀರಿ ಬಾಕಿ ಉಳಿಸಿಕೊಂಡರೆ, ಪಾವತಿ ಮಾಡುವವರೆಗೆ ಆ ಮೊತ್ತವನ್ನು ಖರ್ಚಿನಲ್ಲಿ ತೋರಿಸುವ ಹಾಗಿಲ್ಲ. ಇದನ್ನೆಲ್ಲ ಅವಳು ಆಡಿಟರ್ ಹತ್ತಿರ ಕೇಳಿ ತಿಳಿದುಕೊಂಡಿದ್ದಳು. ತಂದೆ ಮೆಲ್ಲಗೆ ಹೇಳಿದರು: "ಕೇಳಬಹುದ್ರೀ. ಮುಂದಿನ ಆರ್ಡರ್ ಬೇರೆಯವ್ರಿಗೆ ಹೋಗ್ತದ."

ಈ ಒಂದು ಉತ್ತರದಲ್ಲಿ ಅಕೌಂಟ್ಸ್ ಇದೆ, ಕಾನೂನಿದೆ, ಮಾರುಕಟ್ಟೆಯಲ್ಲಿ ಯಾರ ಕೈ ಮೇಲು ಅನ್ನೋದೂ ಇದೆ. ನಂಬಿಕೆ, ಮುಲಾಜು, ಭಯವೂ ಇದೆ. ಇಂಥ ಪ್ರಶ್ನೆ ಇಟ್ಟುಕೊಂಡ ಹುಡುಗಿಗೆ ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಅಂಕಿಅಂಶ, ಫೈನಾನ್ಸ್ ಒಟ್ಟಿಗೆ ಓದುವ ಕಡೆ ಜಾಸ್ತಿ ದಕ್ಕುತ್ತದೆ. ಇದು ನನ್ನ ಗಟ್ಟಿ ಅಭಿಪ್ರಾಯ, ಮನೆಯವರ ಮುಂದೆ ಹಾಗೆಯೇ ಹೇಳಿದೆ. ಲೆಕ್ಕ ಕಷ್ಟ ಎಂದು ಬಿಕಾಂ ತಪ್ಪಿಸಿಕೊಳ್ಳಲು ಬರುವ ಮಕ್ಕಳಿಗೆ ನಾನು ಈ ದಾರಿ ತೋರಿಸುವುದಿಲ್ಲ.

ಎರಡನೆಯ ಭೇಟಿಯಲ್ಲಿ ತಾಯಿ ಬಾಯಿ ಬಿಟ್ಟರು. "ಇಕಿ ಹೋದ್ರ ಲೆಕ್ಕ ಬರಿಯೋರು ಯಾರೂ ಇಲ್ಲ, ಅದಕ್ಕ ಇವರಿಗೆ ಚಿಂತಿ." ನಿಜವಾದ ಅಡ್ಡಿ ಅಲ್ಲಿತ್ತು. ಮಗ ಯೂನಿಟ್‌ನ ವಾರಸುದಾರ, ಆದರೆ ಯೂನಿಟ್ ಉಸಿರಾಡುವುದು ಮಗಳ ಪುಸ್ತಕದಿಂದ. ಸಂಬಳವಿಲ್ಲದ ಈ ಕೆಲಸವನ್ನು ಮನೆಯಲ್ಲಿ ಯಾರೂ ಕೆಲಸ ಎಂದು ಎಣಿಸಿರಲಿಲ್ಲ. ತಂದೆಗೆ ನೇರವಾಗಿ ಹೇಳಿದೆ: "ಸರ್, ಲೆಕ್ಕಕ್ಕೆ ಪಾರ್ಟ್‌ಟೈಮ್ ಒಬ್ಬರನ್ನು ಇಟ್ಟುಕೊಳ್ಳಿ, ಮಗನಿಗೆ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಕಲಿಸಿ. ಈ ಕಾರಣಕ್ಕೆ ಮಗಳ ಓದು ನಿಲ್ಲಬಾರದು." ಅಣ್ಣ ತಕ್ಷಣ ಒಪ್ಪಿದ. ಅವನಿಗೆ ತಂಗಿಯ ಬಗ್ಗೆ ಹೆಮ್ಮೆ ಇತ್ತು, ಯಾರೂ ಅವನನ್ನು ಕೇಳಿರಲಿಲ್ಲ ಅಷ್ಟೆ.

ಸುಮಾಗೆ ಕೊಟ್ಟ ಸಲಹೆ ಹೀಗಿತ್ತು. ಆ ವಿಶ್ವವಿದ್ಯಾಲಯದಿಂದ ಎಲ್ಲ ವರ್ಷದ ಪೇಪರ್‌ಗಳ ಪಟ್ಟಿ ತರಿಸು. ಫೈನಾನ್ಷಿಯಲ್ ಅಕೌಂಟಿಂಗ್, ಕಾರ್ಪೊರೇಟ್ ಫೈನಾನ್ಸ್, ಸ್ಟ್ಯಾಟಿಸ್ಟಿಕ್ಸ್, ವ್ಯಾಪಾರ ಕಾನೂನು ಇವೆಯಾ, ಮೈನರ್‌ನಲ್ಲಿ ಸೀಟು ಖಾತ್ರಿಯಾ ಎಂದು ಇಮೇಲ್‌ನಲ್ಲಿ ಬರೆಸಿಕೊ. ಸಿಎ ಮಾಡುವುದು ಖಚಿತವಾದರೆ ಇಲ್ಲೇ ಬಿಕಾಂ ಜೊತೆ ಸಿಎ ಫೌಂಡೇಶನ್ (ಸಿಎಯ ಮೊದಲ ಹಂತದ ಪರೀಕ್ಷೆ) ಕಟ್ಟುವುದು ಹತ್ತಿರದ ದಾರಿ. ಪದವಿ ಆದಮೇಲೆ ಸಿಎಗೆ ನೇರ ಪ್ರವೇಶವೂ ಇದೆ, ಕಾಮರ್ಸ್ ಪದವೀಧರರಿಗೆ ಶೇ 55, ಉಳಿದವರಿಗೆ ಶೇ 60 ಅಂಕ ಬೇಕು. ಬಿಎ ಓದಿದರೆ ಮುಂದೆ ಎಂಬಿಎ ಮಾಡಬಹುದೋ ಇಲ್ಲವೋ ಎಂದು ತಂದೆಗಿದ್ದ ಚಿಂತೆ ಬೇಗ ಕರಗಿತು. ಎಂಬಿಎ ಪ್ರವೇಶದ ಕ್ಯಾಟ್ ಪರೀಕ್ಷೆಗೆ ಯಾವ ಪದವಿಯಾದರೂ ಸರಿ.

ಇಂಗ್ಲಿಷ್ ಬಗ್ಗೆ ಅವಳಿಗೆ ಒಳಗೊಳಗೇ ಹೆದರಿಕೆ ಇತ್ತು. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಆ ವಿಶ್ವವಿದ್ಯಾಲಯದಲ್ಲಿ ವಾರವಾರ ಓದಿ ಬರೆಯುವುದು ತುಂಬ ಇರುತ್ತದೆ, ಮೊದಲ ಸೆಮಿಸ್ಟರ್ ಕಷ್ಟವೇ. ಅಪ್ಪನ ಬಾಕಿ ರೊಕ್ಕದ ಕಥೆಯನ್ನೇ ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಒಂದೊಂದು ಪುಟ ಬರೆಯಲು ಹೇಳಿದೆ. ಅರ್ಜಿಯ ಪ್ರಬಂಧಕ್ಕೂ ಅದೇ ವಿಷಯ ಸಾಕು.

ದುಡ್ಡಿನ ಮಾತಿಗೆ ಜಾಸ್ತಿ ಹೊತ್ತು ಹಿಡಿಯಿತು. ಕರ್ನಾಟಕದಲ್ಲಿ 2024-25ರಿಂದ ಬಿಕಾಂ ಮತ್ತೆ ಮೂರು ವರ್ಷ. ಅಲ್ಲಿ ನಾಲ್ಕು ವರ್ಷ, ಮೇಲೆ ಹಾಸ್ಟೆಲ್, ಪ್ರಯಾಣ. ಎಲ್ಲ ಸೇರಿಸಿ ಒಂದೇ ಮೊತ್ತ ಬರೆಸಿದೆ. ಕುಟುಂಬದ ಆದಾಯ ನೋಡಿ ಕೊಡುವ ಶುಲ್ಕ ವಿನಾಯಿತಿಗೆ ಅರ್ಜಿಯ ಜೊತೆಯಲ್ಲೇ ಕೇಳಬೇಕು. ಕಾಲೇಜು ಕೇಂದ್ರದ ಶಿಕ್ಷಣ ಸಾಲದ ಯೋಜನೆಯಾದ ಪಿಎಂ ವಿದ್ಯಾಲಕ್ಷ್ಮಿ ಪಟ್ಟಿಯಲ್ಲಿದ್ದರೆ ಜಾಮೀನಿಲ್ಲದ ಸಾಲ ಕೇಳಬಹುದು. ವಾರ್ಷಿಕ ಆದಾಯ 8 ಲಕ್ಷದೊಳಗಿದ್ದವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3 ಬಡ್ಡಿ ರಿಯಾಯಿತಿ ಇದೆ, ಆದರೆ ವರ್ಷಕ್ಕೆ 1 ಲಕ್ಷ ವಿದ್ಯಾರ್ಥಿಗಳಿಗೆ ಮಾತ್ರ. ಅದನ್ನೇ ನಂಬಿ ಕೂರಬೇಡಿ ಎಂದೆ. ಕಲ್ಯಾಣ ಕರ್ನಾಟಕದವರಿಗಿರುವ 371ಜೆ ಮೀಸಲಾತಿ ಹೊರರಾಜ್ಯದ ಖಾಸಗಿ ವಿಶ್ವವಿದ್ಯಾಲಯದಲ್ಲಿ ನಡೆಯುವುದಿಲ್ಲ, ಆದರೂ ಪ್ರಮಾಣಪತ್ರ ಮಾಡಿಸಿಡಿ. ಯೂನಿಟ್‌ನ ಮಷಿನ್ ಅಡವಿಡುವ ಯೋಚನೆ ಮಾತ್ರ ಬೇಡವೇ ಬೇಡ.

ಕೊನೆಗೆ ನಾಲ್ವರೂ ಕೂತು ಒಂದು ಮಾತಿಗೆ ಬಂದರು. ಶುಲ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ವಿನಾಯಿತಿ ಸಿಕ್ಕರೆ ಹೋಗುವುದು. ಸಿಗದಿದ್ದರೆ ಬಳ್ಳಾರಿಯಲ್ಲೇ ಬಿಕಾಂ, ಆದರೆ ಓದುವ ಹೊತ್ತಿನಲ್ಲಿ ಅವಳಿಗೆ ಯೂನಿಟ್‌ನ ಲೆಕ್ಕ ಕೊಡುವಂತಿಲ್ಲ. ಎರಡನೆಯ ಷರತ್ತು ಹಾಕಿದ್ದು ತಾಯಿ. ಅರ್ಜಿ ಹೋಗಿದೆ, ಇಲ್ಲಿನ ಕಾಲೇಜಿನ ಫಾರ್ಮೂ ತಂದಿಟ್ಟಿದ್ದಾರೆ. ಅಣ್ಣ ಟ್ಯಾಲಿ ಕ್ಲಾಸಿಗೆ ಸೇರಿದ್ದಾನೆ.