ವಾಕ್ಯ ಓದುವಾಗ ಓದುವವರ ಮೈಬಣ್ಣ ಕೇಳಬೇಕೆ?

ಪ್ರಶ್ನೆ: ಮಾನ್ಯರೇ, ನಾನು ಮಂಗಳೂರು ಕಡೆಯವಳು, ಮದುವೆಯಾದ ಮೇಲೆ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ನೆಲೆಸಿದ್ದೇನೆ. ನಾವು ಹೋಗುವ ಸಭೆಯಲ್ಲಿ ಬಿಳಿಯರೇ ಹೆಚ್ಚು. ಕೆಲವು ಕಪ್ಪು ವರ್ಣೀಯ ಕುಟುಂಬಗಳೂ ನಮ್ಮಂಥ ಒಂದಿಬ್ಬರು ಭಾರತೀಯರೂ ಇದ್ದೇವೆ. ಇತ್ತೀಚೆಗೆ ಬೈಬಲ್ ಅಧ್ಯಯನ ಕೂಟದಲ್ಲಿ ಎಫೆಸದವರಿಗೆ ಬರೆದ ಪತ್ರದ 6ನೆಯ ಅಧ್ಯಾಯ ಬಂತು. ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂಬ ಮಾತು ತಮ್ಮ ಅಜ್ಜ ಮುತ್ತಜ್ಜಂದಿರ ಪಾಲಿಗೆ ಏನಾಗಿತ್ತೆಂದು ಕಪ್ಪು ವರ್ಣೀಯ ಸಹೋದರರೊಬ್ಬರು ಹೇಳತೊಡಗಿದರು. ಕೂಟ ನಡೆಸುತ್ತಿದ್ದವರು ಅವರನ್ನು ತಡೆದು, ವಾಕ್ಯಕ್ಕೆ ಬಣ್ಣವಿಲ್ಲ, ಕ್ರಿಸ್ತನಲ್ಲಿ ನಾವೆಲ್ಲರೂ ಒಂದೇ, ಇಲ್ಲಿ ರಾಜಕೀಯ ಬೇಡ ಎಂದರು. ನಮ್ಮ ಯಜಮಾನರಿಗೂ ಅದೇ ಸರಿ ಎನಿಸಿದೆ. ನನಗೆ ಮಾತ್ರ ಸಮಾಧಾನವಾಗಿಲ್ಲ. ದೇವರ ವಾಕ್ಯವನ್ನು ಚರ್ಚಿಸುವಾಗ ಮಾತಾಡುವವರ ಬಣ್ಣಕ್ಕೆ ಬೆಲೆ ಕೊಡಬೇಕೆ? ಕೊಟ್ಟರೆ ಒಬ್ಬೊಬ್ಬರಿಗೆ ಒಂದೊಂದು ಬೈಬಲ್ ಆಗುವುದಿಲ್ಲವೆ?
— ಓದುಗರೊಬ್ಬರು, ಜಾರ್ಜಿಯಾ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ವಾಕ್ಯದ ಅರ್ಥ ಓದುವವರ ಬಣ್ಣಕ್ಕೆ ತಕ್ಕಂತೆ ಬದಲಾಗುತ್ತದೆಯೇ ಎಂಬುದು ಒಂದು, ಬದಲಾಗುವುದಿಲ್ಲ. ಆ ವಾಕ್ಯವನ್ನು ಇಷ್ಟು ಕಾಲ ಯಾರು, ಯಾರ ಮೇಲೆ, ಯಾವ ಲಾಭಕ್ಕಾಗಿ ಓದಿದರು ಎಂಬುದನ್ನು ಅರಿಯಲು ಬಣ್ಣವನ್ನು ಗಮನಿಸಬೇಕೇ ಎಂಬುದು ಇನ್ನೊಂದು, ಗಮನಿಸದೆ ಗತ್ಯಂತರವಿಲ್ಲ. ಮೊದಲನೆಯ ಪ್ರಶ್ನೆಗೆ ಸಲ್ಲಬೇಕಾದ ಉತ್ತರವನ್ನು ನಿಮ್ಮ ಕೂಟದ ಮುಂದಾಳು ಎರಡನೆಯ ಪ್ರಶ್ನೆಗೆ ಕೊಟ್ಟುಬಿಟ್ಟಿದ್ದಾರೆ.

ಒಬ್ಬೊಬ್ಬರಿಗೆ ಒಂದೊಂದು ಬೈಬಲ್ ಆಗಬಾರದೆಂಬ ನಿಮ್ಮ ಅಳುಕು ನ್ಯಾಯವಾದದ್ದೇ. ಆದರೆ ಚರಿತ್ರೆಯಲ್ಲಿ ಅಂಥದ್ದೊಂದು ನಿಜವಾಗಿಯೂ ಆಗಿಹೋಗಿದೆ, ಮತ್ತು ಅದನ್ನು ಮಾಡಿದವರು ಕಪ್ಪು ಜನರಲ್ಲ. 1807ರಲ್ಲಿ ಲಂಡನ್ನಿನಲ್ಲಿ, ಬ್ರಿಟಿಷ್ ವೆಸ್ಟ್ ಇಂಡೀಸ್ ದ್ವೀಪಗಳ ಗುಲಾಮರಿಗೆಂದೇ ಆಯ್ದ ಭಾಗಗಳ ಬೈಬಲ್ ಒಂದು ಅಚ್ಚಾಯಿತು. ಪ್ರಾಟೆಸ್ಟೆಂಟ್ ಬೈಬಲಿನ 1,189 ಅಧ್ಯಾಯಗಳಲ್ಲಿ ಅದರಲ್ಲಿ ಉಳಿದದ್ದು 232 ಮಾತ್ರ. ಇಸ್ರಾಯೇಲ್ಯರು ಫರೋಹನ ದಾಸತ್ವದಿಂದ ಬಿಡುಗಡೆಯಾದ ಕಥೆ ಅದರಲ್ಲಿಲ್ಲ. ಯೆಹೂದ್ಯ ಗ್ರೀಕ, ಆಳು ಒಡೆಯ ಎಂಬ ಭೇದ ಕ್ರಿಸ್ತನಲ್ಲಿ ಇಲ್ಲವೆನ್ನುವ ಗಲಾತ್ಯ 3:28 ಇಲ್ಲ. ಮಾರಲ್ಪಟ್ಟು ದಾಸನಾದರೂ ನಂಬಿಗಸ್ತನಾಗಿ ದುಡಿದ ಯೋಸೇಫನ ಕಥೆ ಇದೆ. ನಿಮ್ಮ ಕೂಟದಲ್ಲಿ ಅಂದು ಓದಿದ ಎಫೆಸ 6ನೆಯ ಅಧ್ಯಾಯದ ಆ ವಚನವೂ ಇದೆ. ಈ ಗ್ರಂಥದ ಒಂದು ಪ್ರತಿ ಅಮೆರಿಕದ ಫಿಸ್ಕ್ ವಿಶ್ವವಿದ್ಯಾಲಯದಲ್ಲಿದೆ. 2018ರಲ್ಲಿ ವಾಷಿಂಗ್ಟನ್ನಿನ ಬೈಬಲ್ ವಸ್ತುಸಂಗ್ರಹಾಲಯ ಅದನ್ನು ಪ್ರದರ್ಶನಕ್ಕಿಟ್ಟಿತ್ತು. ವಾಕ್ಯಕ್ಕೆ ಬಣ್ಣವಿಲ್ಲವೆಂದು ನಂಬಿದವರಿಗೆ ಬಣ್ಣ ನೋಡಿ ವಾಕ್ಯವನ್ನು ಕತ್ತರಿಸುವ ಅಗತ್ಯ ಬೀಳುತ್ತಿರಲಿಲ್ಲ. ಬಿಡುಗಡೆಯ ಕಥೆ ಗುಲಾಮನ ಕಿವಿಗೆ ಬಿದ್ದರೆ ಏನಾಗುತ್ತದೆಂಬುದು ಹಾಗೆ ಕತ್ತರಿಸಿದವರಿಗೆ ಚೆನ್ನಾಗಿ ಗೊತ್ತಿತ್ತು. ಒಂದರ್ಥದಲ್ಲಿ ಅವರು ಆ ಕಥೆಯನ್ನು ಸರಿಯಾಗಿಯೇ ಅರ್ಥಮಾಡಿಕೊಂಡಿದ್ದರು.

ಇನ್ನು ಇಡೀ ಬೈಬಲ್ ಕೈಯಲ್ಲಿದ್ದವರ ವಿಷಯ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1845ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ ತಮ್ಮ ಒಡೆಯನನ್ನು ನೆನೆಯುತ್ತಾರೆ. 1832ರಲ್ಲಿ ಮೆಥೊಡಿಸ್ಟರ ಬಯಲು ಕೂಟವೊಂದರಲ್ಲಿ ಆ ಒಡೆಯ ಭಕ್ತನಾದ. ಇನ್ನಾದರೂ ಮೃದುವಾದಾನೆಂಬ ಆಸೆ ಹುಸಿಯಾಯಿತು; ಅಂಗವಿಕಲಳಾದ ಗುಲಾಮ ಹೆಣ್ಣೊಬ್ಬಳನ್ನು ಕಟ್ಟಿಹಾಕಿ ಚಾಟಿಯಿಂದ ಹೊಡೆಯುವಾಗ ಅವನು ಲೂಕ 12:47ನ್ನು, ಯಜಮಾನನ ಚಿತ್ತವನ್ನು ತಿಳಿದೂ ನಡೆಸದ ಆಳಿಗೆ ಬಹಳ ಪೆಟ್ಟುಗಳು ಬೀಳುವವೆಂಬ ವಚನವನ್ನು, ಬಾಯಿಪಾಠ ಹೇಳುತ್ತಿದ್ದ. ಅದೇ 1845ರಲ್ಲಿ, ನೀವಿರುವ ಜಾರ್ಜಿಯಾದ ಆಗಸ್ಟಾ ಊರಿನಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟ ಹುಟ್ಟಿತು. ಗುಲಾಮರನ್ನು ಇಟ್ಟುಕೊಂಡವನು ಮಿಷನರಿಯಾಗಬಹುದೇ ಎಂಬ ಜಗಳವೇ ಉತ್ತರದವರಿಂದ ದಕ್ಷಿಣದವರು ಬೇರೆಯಾಗಲು ಕಾರಣ. ಆಗಬಹುದು ಎಂದವರಲ್ಲಿ ಬೈಬಲನ್ನು ಅರೆದು ಕುಡಿದ ಪಂಡಿತರಿದ್ದರು. ಆ ಒಕ್ಕೂಟ ಈ ತಪ್ಪಿಗಾಗಿ ಅಧಿಕೃತವಾಗಿ ಕ್ಷಮೆ ಕೇಳಿದ್ದು 1995ರಲ್ಲಿ, ನೂರೈವತ್ತನೆಯ ವರ್ಷದ ಸಮಾವೇಶದಲ್ಲಿ. ಅದೂ ನಿಮ್ಮ ರಾಜಧಾನಿ ಅಟ್ಲಾಂಟಾದಲ್ಲೇ.

ಆದ್ದರಿಂದ ನಿಮ್ಮ ಸಹೋದರರು ಆ ದಿನ ಎಫೆಸ ಪತ್ರಕ್ಕೆ ಹೊರಗಿನದೇನನ್ನೋ ತಂದು ಸೇರಿಸುತ್ತಿರಲಿಲ್ಲ. ಆ ವಚನಕ್ಕೆ ನಿಮ್ಮದೇ ಊರುಗಳಲ್ಲಿ ನಡೆದ ವ್ಯಾಖ್ಯಾನದ ಚರಿತ್ರೆಯನ್ನು, ಅದನ್ನು ಮೈಮೇಲೆ ಹೊತ್ತವರ ಮನೆತನದಿಂದ, ಸಾಕ್ಷಿಯಾಗಿ ಹೇಳುತ್ತಿದ್ದರು. ಹೋವರ್ಡ್ ಥರ್ಮನ್ ಎಂಬ ಕಪ್ಪು ವರ್ಣೀಯ ದೈವಶಾಸ್ತ್ರಜ್ಞರು ತಮ್ಮ ಅಜ್ಜಿಯ ವಿಷಯ ಬರೆದಿಟ್ಟಿದ್ದಾರೆ. ಗುಲಾಮಳಾಗಿ ಹುಟ್ಟಿದ ಆಕೆಗೆ ಓದು ಬಾರದು; ಮೊಮ್ಮಗನಿಂದ ಕೀರ್ತನೆಗಳನ್ನೂ ಯೆಶಾಯನನ್ನೂ ಸುವಾರ್ತೆಗಳನ್ನೂ ಓದಿಸಿಕೊಳ್ಳುತ್ತಿದ್ದರು. ಪೌಲನ ಪತ್ರಗಳನ್ನು ಮಾತ್ರ, ಪ್ರೀತಿಯನ್ನು ಕುರಿತ 1 ಕೊರಿಂಥ 13ನೆಯ ಅಧ್ಯಾಯವೊಂದನ್ನು ಬಿಟ್ಟರೆ, ಓದಗೊಡುತ್ತಿರಲಿಲ್ಲ. ಒಡೆಯನ ಕಡೆಯ ಬಿಳಿಯ ಬೋಧಕ ಗುಲಾಮರಿಗೆ ಮತ್ತೆ ಮತ್ತೆ ಬೋಧಿಸುತ್ತಿದ್ದದ್ದು ದಾಸರ ವಿಧೇಯತೆಯ ವಚನವನ್ನೇ. ಬಿಡುಗಡೆ ಸಿಕ್ಕಿದರೆ ಆ ಭಾಗವನ್ನು ಓದುವುದಿಲ್ಲವೆಂದು ಆಕೆ ದೇವರಿಗೆ ಮಾತು ಕೊಟ್ಟಿದ್ದರು. ಈ ತೀರ್ಮಾನ ನನಗೆ ಒಪ್ಪಿಗೆಯೇ ಎಂದು ಕೇಳಿದರೆ, ಇಲ್ಲ ಎಂದೇ ಹೇಳುತ್ತೇನೆ. ಫಿಲೆಮೋನನಿಗೆ ಪತ್ರ ಬರೆದು, ಓಡಿಹೋಗಿದ್ದ ಒನೇಸಿಮನನ್ನು ಇನ್ನು ಮೇಲೆ ದಾಸನೆಂದೆಣಿಸದೆ ಪ್ರಿಯ ಸಹೋದರನೆಂದು ಸೇರಿಸಿಕೋ ಎಂದವನೂ ಪೌಲನೇ. ಆದರೆ ಆ ಅಜ್ಜಿಯ ಮಾತನ್ನು ಕೇಳಿಸಿಕೊಳ್ಳದೆ ಎಫೆಸ 6ನೆಯ ಅಧ್ಯಾಯವನ್ನು ಬೋಧಿಸುವ ಅಧಿಕಾರ ನನಗಿಲ್ಲ, ನಿಮ್ಮ ಮುಂದಾಳಿಗೂ ಇಲ್ಲ. ಆಕೆಯ ಬಣ್ಣ ಆಕೆಯ ವ್ಯಾಖ್ಯಾನವನ್ನು ಸರಿ ಮಾಡುವುದಿಲ್ಲ. ವ್ಯಾಖ್ಯಾನಕಾರರು ಮರೆತ ಪ್ರಶ್ನೆಯನ್ನು ಮುಂದಿಡುತ್ತದೆ.

ಇದಕ್ಕೆ ವಾಕ್ಯದೊಳಗೇ ಮಾದರಿ ಇದೆ. ಅಪೊಸ್ತಲರ ಕೃತ್ಯಗಳು 6ನೆಯ ಅಧ್ಯಾಯದಲ್ಲಿ, ದಿನದಿನದ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಮಾತಾಡುವವರು ಗೊಣಗಿದಾಗ, ಕ್ರಿಸ್ತನಲ್ಲಿ ಭಾಷೆಯ ಭೇದವಿಲ್ಲ, ಸುಮ್ಮನಿರಿ ಎಂದು ಅಪೊಸ್ತಲರು ಹೇಳಲಿಲ್ಲ. ಏಳು ಮಂದಿಯನ್ನು ಆರಿಸಿ ಕೆಲಸವನ್ನು ಅವರಿಗೆ ಒಪ್ಪಿಸಿದರು. ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳೇ. ಅವರಲ್ಲೊಬ್ಬನಾದ ಫಿಲಿಪ್ಪನೇ ಮುಂದೆ ಗಾಜದ ದಾರಿಯಲ್ಲಿ ಐಥಿಯೋಪ್ಯದ ಕಂಚುಕಿಯ ರಥವನ್ನು ಹತ್ತಿದವನು. ಎಲ್ಲರೂ ಒಂದೇ ಎಂಬ ಗಲಾತ್ಯ ಪತ್ರದ ಮಾತಿಗೂ ಸಂದರ್ಭವಿದೆ. ಅದೇ ಪತ್ರದ 2ನೆಯ ಅಧ್ಯಾಯದಲ್ಲಿ, ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಪಂಕ್ತಿಯಿಂದ ಎದ್ದುಹೋದ ಪೇತ್ರನನ್ನು ಪೌಲ ಎಲ್ಲರ ಮುಂದೆ ತರಾಟೆಗೆ ತೆಗೆದುಕೊಂಡಿದ್ದಾನೆ. ಊಟದ ಪಂಕ್ತಿಯ ಜಗಳದಲ್ಲಿ ನೊಂದವರ ಪರವಾಗಿ ಹುಟ್ಟಿದ ಮಾತನ್ನು ನೊಂದವರ ಬಾಯಿ ಮುಚ್ಚಿಸಲು ಬಳಸುವುದು ವ್ಯಾಖ್ಯಾನದ ಲೆಕ್ಕದಲ್ಲೂ ತಪ್ಪು.

ಹಾಗೆಂದು ಕಪ್ಪು ಚರ್ಮದವರು ಹೇಳಿದ್ದೆಲ್ಲ ಸರಿ, ಬಿಳಿಯರು ಹೇಳಿದ್ದೆಲ್ಲ ತಪ್ಪು ಎಂದು ತಿಳಿಯಬೇಡಿ. ದಕ್ಷಿಣ ಆಫ್ರಿಕಾದ ಡಚ್ ರಿಫಾರ್ಮ್ಡ್ ಸಭೆಯನ್ನು ನೋಡಿ. 1857ರ ಅದರ ಸಿನೋಡ್, ಅಂದರೆ ಸಭೆಯ ಆಡಳಿತ ಮಂಡಳಿ, ಹೊಸದಾಗಿ ವಿಶ್ವಾಸಿಗಳಾದ ಸ್ಥಳೀಯರನ್ನು ಇರುವ ಸಭೆಗಳಿಗೇ ಸೇರಿಸಿಕೊಳ್ಳುವುದು ವಾಕ್ಯಕ್ಕೆ ಒಪ್ಪುವಂಥದ್ದು ಎಂದು ಒಪ್ಪಿಕೊಂಡಿತು. ಒಪ್ಪಿಕೊಂಡು, ಕೆಲವರ ಬಲಹೀನತೆಯ ಕಾರಣದಿಂದ ಬೇರೆ ಆರಾಧನೆಗೂ ಅವಕಾಶ ಕೊಟ್ಟಿತು. ಬಲಹೀನರು ಯಾರೆಂದರೆ ಕಪ್ಪು ಸಹೋದರನ ಪಕ್ಕದಲ್ಲಿ ಪ್ರಭುಭೋಜನಕ್ಕೆ ಕೂರಲಾರದ ಬಿಳಿಯರು. ಅನುಕೂಲಕ್ಕೆಂದು ಬಿಟ್ಟ ಆ ಸಣ್ಣ ಬಾಗಿಲು 1881ರ ಹೊತ್ತಿಗೆ ಬೇರೆಯೇ ಸಭೆಯಾಯಿತು; ಮುಂದೆ 1974ರ ಅಧಿಕೃತ ವರದಿಯೊಂದರಲ್ಲಿ ಬಾಬೆಲಿನ ಗೋಪುರದ ಕಥೆಯನ್ನು ಆಧಾರ ಮಾಡಿಕೊಂಡು ಜನಾಂಗಗಳ ಪ್ರತ್ಯೇಕ ಬೆಳವಣಿಗೆಯನ್ನು ಸಮರ್ಥಿಸುವಷ್ಟು ಬೆಳೆಯಿತು. ಇದನ್ನು ಎದುರಿಸಿದವರಲ್ಲಿ ಒಬ್ಬರು ಬೇಯರ್ಸ್ ನಾಡೆ, ಅಪ್ಪಟ ಆಫ್ರಿಕಾನರ್ ಬಿಳಿಯರು. ಅವರ ತಂದೆ ಬಿಳಿಯ ರಾಷ್ಟ್ರವಾದಿಗಳ ಗುಪ್ತ ಕೂಟವಾದ ಬ್ರೂಡರ್‌ಬಾಂಡಿನ ಸ್ಥಾಪಕರಲ್ಲಿ ಒಬ್ಬರು. 1960ರ ಮಾರ್ಚಿನಲ್ಲಿ ಶಾರ್ಪ್‌ವಿಲ್ಲಿನಲ್ಲಿ ಪೊಲೀಸರ ಗುಂಡಿಗೆ 69 ಮಂದಿ ಬಲಿಯಾದ ಮೇಲೆ ನಾಡೆಯವರಿಗೆ ತಮ್ಮ ಸಭೆಯ ಸಮರ್ಥನೆಗಳನ್ನು ಹೊತ್ತು ನಡೆಯಲಾಗಲಿಲ್ಲ. 1963ರಲ್ಲಿ ಮನುಷ್ಯರಿಗಿಂತಲೂ ದೇವರಿಗೆ ವಿಧೇಯರಾಗಬೇಕೆಂಬ ವಚನವನ್ನು ಬೋಧಿಸಿ, ತಮ್ಮ ವೇದಿಕೆಯಿಂದ ಇಳಿದು ನಡೆದರು. 1977ರಿಂದ ಏಳು ವರ್ಷ ಸರಕಾರ ಅವರ ಮೇಲೆ ನಿರ್ಬಂಧ ಹೇರಿತ್ತು. ಬಣ್ಣ ಅವರನ್ನು ತಡೆಯಲಿಲ್ಲ. ಆದರೆ ಬಣ್ಣ ಲೆಕ್ಕಕ್ಕಿಲ್ಲ ಎಂದು ಹೇಳಿ ಅವರು ಅಲ್ಲಿಗೆ ತಲುಪಿದ್ದೂ ಅಲ್ಲ.

ನಿಮ್ಮ ಮುಂದಾಳಿನೊಡನೆ ಜಗಳಕ್ಕಿಳಿಯಬೇಡಿ. ಮುಂದಿನ ಕೂಟದಲ್ಲಿ ಆ ಸಹೋದರರು ಅರ್ಧಕ್ಕೆ ನಿಲ್ಲಿಸಿದ ಮಾತನ್ನು ಪೂರ್ತಿ ಮಾಡಲಿ ಎಂದು ನೀವೇ ಕೇಳಿ. ಕಪ್ಪೂ ಬಿಳುಪೂ ಅಲ್ಲದ ನಿಮ್ಮಂಥವರಿಗೆ ಅಲ್ಲಿ ಈ ಅನುಕೂಲವಾದರೂ ಇದೆ.

ಪ್ರಶ್ನೆ: ಆಫ್ರಿಕಾದವರು ಹಾಮನ ಸಂತಾನ, ನೋಹನ ಶಾಪದಿಂದ ಅವರು ಕಪ್ಪಾದರು ಎಂದು ಹಿರಿಯರೊಬ್ಬರು ಪ್ರಸಂಗದಲ್ಲಿ ಹೇಳಿದರು. ಇದು ಬೈಬಲಿನಲ್ಲಿ ಇದೆಯೆ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಇಲ್ಲ. ಆದಿಕಾಂಡ 9ನೆಯ ಅಧ್ಯಾಯವನ್ನು ತೆರೆದು ಓದಿ. ನೋಹ ಶಪಿಸಿದ್ದು ಹಾಮನನ್ನಲ್ಲ, ಹಾಮನ ಮಗ ಕಾನಾನನನ್ನು. ಶಪಿಸಿದವನು ದ್ರಾಕ್ಷಾರಸದ ಅಮಲಿಳಿದು ಎದ್ದ ನೋಹ, ದೇವರಲ್ಲ. ಚರ್ಮದ ಬಣ್ಣದ ಮಾತು ಅಲ್ಲಿ ಎಲ್ಲೂ ಇಲ್ಲ. ಆಫ್ರಿಕಾದೊಡನೆ ಗುರುತಿಸಲಾಗುವ ಕೂಷನು ಹಾಮನ ಬೇರೊಬ್ಬ ಮಗ, ಅವನ ಮೇಲೆ ಶಾಪವೇ ಬಿದ್ದಿಲ್ಲ. ಗುಲಾಮರ ವ್ಯಾಪಾರಕ್ಕೆ ಆಧಾರ ಬೇಕಾಗಿದ್ದವರು ಈ ಕಥೆಗೆ ಬಣ್ಣ ಹಚ್ಚಿದರು. ಅದು ಮಿಷನರಿಗಳ ಪೆಟ್ಟಿಗೆಗಳಲ್ಲೂ ಪ್ರಸಂಗದ ಟಿಪ್ಪಣಿಗಳಲ್ಲೂ ಸಂಚರಿಸಿ, ಕಪ್ಪು ಮೈಬಣ್ಣದವರೇ ಹೆಚ್ಚಿರುವ ನಮ್ಮ ಸಭೆಗಳಿಗೂ ಬಂದು ಕೂತಿದೆ. ಆ ಹಿರಿಯರಿಗೆ ಯೆರೆಮೀಯ 38ನೆಯ ಅಧ್ಯಾಯವನ್ನು ತೋರಿಸಿ: ಕೆಸರಿನ ಬಾವಿಯಲ್ಲಿ ಹೂತುಹೋಗಿದ್ದ ಪ್ರವಾದಿಯನ್ನು, ಕಂಕುಳಿಗೆ ಹಗ್ಗ ಒತ್ತದಂತೆ ಹಳೆಯ ಬಟ್ಟೆಗಳನ್ನೂ ಇಳಿಬಿಟ್ಟು, ಮೇಲೆತ್ತಿದವನು ಕೂಷ್ ದೇಶದ ಎಬೆದ್ಮೆಲೆಕನೇ.

ಪ್ರಶ್ನೆ: ಕಪ್ಪು ಬಿಳುಪಿನ ಜಗಳ ಪಶ್ಚಿಮದವರದು. ನಮ್ಮಲ್ಲಿ ಇರುವುದು ಜಾತಿ. ಕನ್ನಡ ಕ್ರೈಸ್ತರು ಇದನ್ನೇಕೆ ಚರ್ಚಿಸಬೇಕು?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಜಾತಿಯೂ ವರ್ಣಭೇದವೂ ಒಂದೇ ಅಲ್ಲವೆಂಬ ನಿಮ್ಮ ಮಾತು ನಿಜ, ಜಾತಿ ಮೈಬಣ್ಣದಲ್ಲಿ ಕಾಣುವುದಿಲ್ಲ. ಆದರೂ ವಾಕ್ಯವನ್ನು ಓದುವ ಅಧಿಕಾರ ಯಾರದು ಎಂಬ ಪ್ರಶ್ನೆ ಎರಡರಲ್ಲೂ ಒಂದೇ. ದಕ್ಷಿಣ ಭಾರತದ ಸಭೆಗಳಲ್ಲಿ ಜಾತಿವಾರು ಕೂರುವುದೂ ಪ್ರಭುಭೋಜನದ ಪಾತ್ರೆ ಮೇಲ್ಜಾತಿಯವರಿಗೆ ಮೊದಲು ಸಲ್ಲುವುದೂ ನಡೆದಿತ್ತು. ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಇದನ್ನು ಬಿಡಲೇಬೇಕೆಂದು ಸುತ್ತೋಲೆ ಬರೆದಾಗ ತಂಜಾವೂರಿನಲ್ಲಿ ಅನೇಕರು ಜಾತಿಯನ್ನು ಬಿಡುವ ಬದಲು ಸಭೆಯನ್ನು ಬಿಟ್ಟರು. ಕರಾವಳಿಯ ಕ್ಯಾಥೊಲಿಕ್ ಮನೆತನಗಳಲ್ಲಿ ಮತಾಂತರಕ್ಕೆ ಮುಂಚಿನ ಜಾತಿಯ ಹೆಸರು ಸಂಬಂಧ ಕುದುರಿಸುವಾಗ ಇಂದಿಗೂ ನೆನಪಾಗುತ್ತದೆ. 1981ರಲ್ಲಿ, ನಿಮ್ಮ ಊರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅವರು ಮಾಡಿದ ಭಾಷಣದಿಂದಲೇ ದಲಿತ ದೈವಶಾಸ್ತ್ರದ ಚರ್ಚೆ ಆರಂಭವಾಯಿತೆಂದು ಹೇಳುವುದುಂಟು. ಭಾರತೀಯ ಕ್ರೈಸ್ತರಲ್ಲಿ ದಲಿತ ಮೂಲದವರೇ ಹೆಚ್ಚಿದ್ದರೂ ಭಾರತೀಯ ದೈವಶಾಸ್ತ್ರ ಮೇಲ್ಜಾತಿಯ ಚಿಂತನೆಯೊಡನೆ ಮಾತ್ರ ಮಾತಾಡುತ್ತ ಬಂದಿದೆ ಎಂಬುದು ಅವರ ಆಕ್ಷೇಪವಾಗಿತ್ತು. ಜಾರ್ಜಿಯಾದ ಆ ಸಹೋದರರು ಹೇಳಲು ಹೊರಟದ್ದಕ್ಕೂ ಇದಕ್ಕೂ ದೂರವೇನಿಲ್ಲ.

ಇನ್ನು ಬಣ್ಣದ ಜಗಳ ನಮ್ಮದಲ್ಲ ಎನ್ನುವುದು. 2016ರ ಜನವರಿ 31ರಂದು ಬೆಂಗಳೂರಿನ ಹೊರವಲಯದ ಹೆಸರಘಟ್ಟದ ಕಡೆ, ಸುಡಾನಿನ ಒಬ್ಬನ ಕಾರು ಹರಿದು ಸ್ಥಳೀಯ ಮಹಿಳೆ ಸತ್ತಾಗ, ಆ ಅಪಘಾತಕ್ಕೆ ಏನೇನೂ ಸಂಬಂಧವಿಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳನ್ನು ಗುಂಪು ಕಾರಿನಿಂದಿಳಿಸಿ ಥಳಿಸಿತು. ಇಬ್ಬರಿಗೂ ಇದ್ದ ನಂಟು ಚರ್ಮದ ಬಣ್ಣವೊಂದೇ. ಮದುವೆಯ ಜಾಹೀರಾತುಗಳಲ್ಲಿ ಬೆಳ್ಳಗಿನ ವಧುವನ್ನು ಕೇಳುವವರಲ್ಲಿ ಕ್ರೈಸ್ತರೂ ಇದ್ದಾರೆ.

ಅರಣ್ಯಕಾಂಡ 12ನೆಯ ಅಧ್ಯಾಯದಿಂದ ಚರ್ಚೆಯನ್ನು ಆರಂಭಿಸಬಹುದು. ಮೋಶೆ ಕೂಷ್ ದೇಶದ ಹೆಣ್ಣನ್ನು ಮದುವೆಯಾದದ್ದಕ್ಕಾಗಿ ಮಿರ್ಯಾಮಳೂ ಆರೋನನೂ ಅವನ ವಿರುದ್ಧ ಮಾತಾಡುತ್ತಾರೆ. ಮೋಶೆಯ ಅಧಿಕಾರದ ಬಗೆಗಿನ ಅಸೂಯೆಯೂ ಆ ಮಾತಿನೊಳಗೆ ಸೇರಿಕೊಂಡಿದೆ. ಮಿರ್ಯಾಮಳ ಚರ್ಮ ಹಿಮದಂತೆ ಬೆಳ್ಳಗಾಗಿ ಏಳು ದಿನ ಪಾಳೆಯದ ಹೊರಗೆ ಇರಬೇಕಾಗುತ್ತದೆ. ಕೂಷ್ ಎಂದರೆ ಈಗಿನ ಸುಡಾನಿನ ಭಾಗ. ನಿಮ್ಮ ನಗರದ ಇಂಗ್ಲಿಷ್ ಆರಾಧನೆಗಳಿಗೆ ಆಫ್ರಿಕಾದ ವಿದ್ಯಾರ್ಥಿಗಳು ಬರುತ್ತಾರೆ; ಆ ಅಧ್ಯಾಯ ಓದುವ ದಿನ ಅವರಲ್ಲಿ ಒಬ್ಬರಿಗೆ ಮೊದಲು ಮಾತಾಡಲು ಹೇಳಿ.