ಪುಸ್ತಕ ಮುಗಿಸಿದ ಮೇಲೇ ಎಲ್‌ಎಲ್‌ವಿಎಂಗೆ ಕೋಡ್ ಬರೆಯಬೇಕೇ?

ಪೊನ್ನಂಪೇಟೆಯಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ, 8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್, ಎಲ್‌ಎಲ್‌ವಿಎಂ ಎಂಬ ಮುಕ್ತ ಕಂಪೈಲರ್ ಯೋಜನೆಯ ಸಿ, ಸಿ ಪ್ಲಸ್ ಪ್ಲಸ್ ಕಂಪೈಲರಾದ ಕ್ಲ್ಯಾಂಗ್‌ಗೆ ಒಂದು ಪ್ಯಾಚ್ (ಕೋಡ್ ತಿದ್ದುಪಡಿ) ಕಳಿಸುವ ಆಸೆ, ಅದಕ್ಕೂ ಮೊದಲು ಯಾವ ಕಂಪೈಲರ್ ಪುಸ್ತಕ ಮುಗಿಸಬೇಕು ಎಂಬ ಪ್ರಶ್ನೆ. ನನ್ನ ತಲೆಯಲ್ಲೂ ಇದೇ ಪ್ರಶ್ನೆ ಇತ್ತು. ನೇರವಾಗಿ ಹೇಳುತ್ತೇನೆ, ಯಾವ ಪುಸ್ತಕವನ್ನೂ ಮುಗಿಸುತ್ತಾ ಕೂರಬೇಡಿ. ತೋಟವಿಡೀ ಸುತ್ತಿ ಬಂದ ಮೇಲೆ ಕಾಫಿ ಕೊಯ್ಯಲು ಶುರು ಮಾಡುವವರಿಲ್ಲ, ಒಂದು ಸಾಲು ಹಿಡಿಯುತ್ತಾರೆ. ಕ್ಲ್ಯಾಂಗ್‌ನ ಪಾರ್ಸರ್, ಅಂದರೆ ಕೋಡಿನ ವ್ಯಾಕರಣ ಬಿಡಿಸುವ ಭಾಗ, ಕೈಯಲ್ಲೇ ಬರೆದ ರಿಕರ್ಸಿವ್ ಡಿಸೆಂಟ್ ಪಾರ್ಸರ್ (ಒಂದನ್ನೊಂದು ಕರೆಯುವ ಫಂಕ್ಷನ್‌ಗಳು). ಪುಸ್ತಕಗಳು ಕಲಿಸುವ ಎಲ್‌ಆರ್ ಟೇಬಲ್ (ಪಾರ್ಸ್ ಮಾಡುವ ಇನ್ನೊಂದು ವಿಧಾನದ ಕೋಷ್ಟಕ) ಕಟ್ಟಲು ಬಾರದಿದ್ದರೂ ಅದನ್ನು ಓದಬಹುದು. ಸಿ ಪ್ಲಸ್ ಪ್ಲಸ್ ಮಾತ್ರ ಗಟ್ಟಿಯಾಗಿರಬೇಕು.

ಹೊಸಬರು ಸೋಲುವುದು ಥಿಯರಿಯಲ್ಲಲ್ಲ, ಬಿಲ್ಡ್‌ನಲ್ಲಿ, ಅಂದರೆ ಸೋರ್ಸ್ ಕೋಡಿನಿಂದ ಕ್ಲ್ಯಾಂಗನ್ನು ಕಟ್ಟಿಕೊಳ್ಳುವಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. "ನಾನು ಡೆವಲಪರ್, ಹಾಗಾಗಿ ಡೀಬಗ್ ಬಿಲ್ಡ್" ಎಂದುಕೊಂಡು ಬಿಲ್ಡ್ ಸಿದ್ಧಪಡಿಸುವ ಸಿಮೇಕ್‌ಗೆ ಡೀಬಗ್ ಕೊಡುತ್ತಾರೆ. ಡೀಬಗ್ ಮಾಹಿತಿ ಸೇರಿ ಒಂದೊಂದು ಆಬ್ಜೆಕ್ಟ್ ಫೈಲೂ ಊದಿಕೊಳ್ಳುತ್ತದೆ, ಡಿಸ್ಕ್ ಹತ್ತಾರು ಜಿಬಿ ತುಂಬುತ್ತದೆ. ಕೊನೆಗೆ ಬಿಲ್ಡ್ ಓಡಿಸುವ ನಿಂಜಾ ನಾಲ್ಕೈದು ಲಿಂಕ್ ಕೆಲಸಗಳನ್ನು (ಆಬ್ಜೆಕ್ಟ್ ಫೈಲುಗಳನ್ನು ಜೋಡಿಸುವುದು) ಒಟ್ಟಿಗೇ ಹಚ್ಚಿದಾಗ ಪ್ರತಿಯೊಂದೂ ಜಿಬಿಗಟ್ಟಲೆ ಮೆಮೊರಿ ಕೇಳಿ ಯಂತ್ರವೇ ನಿಂತುಬಿಡುತ್ತದೆ. ಇದರಿಂದ ಬೇಸತ್ತವರು ಬರೀ ರಿಲೀಸ್ ಬಿಲ್ಡ್ (ಡೀಬಗ್ ಮಾಹಿತಿ ಇಲ್ಲದ್ದು) ಮಾಡುತ್ತಾರೆ. ಇದು ಇನ್ನೂ ದುಬಾರಿ ತಪ್ಪು. ಬರೀ ರಿಲೀಸ್‌ನಲ್ಲಿ ಅಸರ್ಟ್‌ಗಳೆಲ್ಲ, ಅಂದರೆ ಕೋಡಿನೊಳಗಿನ 'ಇದು ಹೀಗೇ ಇರಬೇಕು' ಎಂಬ ತಪಾಸಣೆಗಳೆಲ್ಲ, ಆಫ್. ಕ್ಲ್ಯಾಂಗ್ ಕ್ರ್ಯಾಶ್ ಆಗುತ್ತದೆ ಎಂದು ದಾಖಲಾದ ಎಷ್ಟೋ ಬಗ್‌ಗಳು ನಿಜದಲ್ಲಿ ಅಸರ್ಷನ್ ಫೇಲ್ ಆಗುವಂಥವು. ನಿಮ್ಮ ಬಿಲ್ಡ್‌ನಲ್ಲಿ ಅವು ಕಾಣಿಸುವುದೇ ಇಲ್ಲ, ನೀವು ಬರೆದ ಕೋಡ್ ಒಂದು ಅಸರ್ಟ್ ಮುರಿದರೂ ಗೊತ್ತಾಗುವುದಿಲ್ಲ. ಪಿಆರ್ (ಕೋಡ್ ಸೇರಿಸಿಕೊಳ್ಳುವ ಕೋರಿಕೆ) ಹಾಕಿದ ಮೇಲೆ ಸಿಐ (ತಾನಾಗಿ ಓಡುವ ಪರೀಕ್ಷೆ) ಕೆಂಪಾದಾಗಲೇ ತಿಳಿಯುವುದು.

ಸರಿಯಾದ ದಾರಿ ರಿಲೀಸ್ ಬಿಲ್ಡ್, ಅದರ ಜೊತೆಗೆ ಅಸರ್ಷನ್ ಆನ್. ಪ್ರಾಜೆಕ್ಟ್‌ಗಳಲ್ಲಿ ಕ್ಲ್ಯಾಂಗ್ ಒಂದೇ. ಟಾರ್ಗೆಟ್ ಎಕ್ಸ್86 ಒಂದೇ ಸಾಕು, ಏನೂ ಹೇಳದಿದ್ದರೆ ಇರುವ ಎಲ್ಲ ಪ್ರೊಸೆಸರ್‌ಗಳ ಬ್ಯಾಕೆಂಡನ್ನೂ ಕಟ್ಟುತ್ತಾ ಕೂರುತ್ತದೆ. ಲಿಂಕರ್ ಎಲ್‌ಎಲ್‌ವಿಎಂನದೇ ಎಲ್‌ಎಲ್‌ಡಿ, ಪ್ಯಾರಲಲ್ ಲಿಂಕ್ ಜಾಬ್ಸ್ 1, ಅಂದರೆ ಒಮ್ಮೆಗೆ ಒಂದೇ ಲಿಂಕ್. ಕಂಪೈಲ್ ಹಂತದಲ್ಲೂ ಮೆಮೊರಿ ಸಾಲದಿದ್ದರೆ ನಿಂಜಾಗೆ ಜೆ 2 ಅಥವಾ 3 ಕೊಡಿ, ಒಮ್ಮೆಗೆ ಅಷ್ಟೇ ಕೆಲಸ ಹಚ್ಚುತ್ತದೆ. ಮೊದಲ ಬಿಲ್ಡ್ ಗಂಟೆಗಟ್ಟಲೆ ಹಿಡಿಯುತ್ತದೆ, ಆಮೇಲೆ ಬದಲಾದ ಫೈಲು, ಅದನ್ನು ಅವಲಂಬಿಸಿದ ಫೈಲುಗಳಷ್ಟೇ ಕೆಲಸ.

ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟು ಹೋದರೆ ಗಾಬರಿಯಾಗಬೇಡಿ, ನಿಂಜಾ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಯಂತ್ರ ಏಕಾಏಕಿ ಆಫ್ ಆಗಿದ್ದರೆ ಒಮ್ಮೊಮ್ಮೆ ಸೊನ್ನೆ ಬೈಟಿನ ಆಬ್ಜೆಕ್ಟ್ ಫೈಲ್ ಉಳಿದು ವಿಚಿತ್ರ ಲಿಂಕ್ ಎರರ್ ಬರುತ್ತದೆ. ಆ ಫೈಲ್ ಅಳಿಸಿ ಮತ್ತೆ ನಿಂಜಾ ಓಡಿಸಿ. ಕೋಡನ್ನು ಇಳಿಸಿಕೊಳ್ಳುವ ಗಿಟ್ ಕ್ಲೋನ್ ಹಾಗಲ್ಲ. ನಡುವೆ ನೆಟ್‌ವರ್ಕ್ ಕಡಿದರೆ ಮತ್ತೆ ಮೊದಲಿನಿಂದಲೇ ಶುರು. ಆದ್ದರಿಂದ ಡೆಪ್ತ್ 1 ಕೊಟ್ಟು ಈಗಿನ ಕೋಡನ್ನಷ್ಟೇ ತನ್ನಿ, ಒಳ್ಳೆಯ ವೈಫೈ ಸಿಕ್ಕ ದಿನ ಫೆಚ್‌ಗೆ ಅನ್‌ಶ್ಯಾಲೋ ಕೊಟ್ಟು ಹಿಂದಿನ ಇತಿಹಾಸ ತುಂಬಿಕೊಳ್ಳಿ. ಯಾವ ಸಾಲು ಯಾಕೆ ಬಂತೆಂದು ಗಿಟ್ ಬ್ಲೇಮ್‌ನಲ್ಲಿ ನೋಡಲು ಅದು ಬೇಕೇ ಬೇಕು.

ಮೊದಲ ಕೆಲಸಕ್ಕೆ ಗಿಟ್‌ಹಬ್‌ನಲ್ಲಿ 'ಗುಡ್ ಫಸ್ಟ್ ಇಶ್ಯೂ' (ಹೊಸಬರಿಗೆ ತಕ್ಕ ಕೆಲಸ) ಲೇಬಲ್ ಇರುವುದನ್ನು ಹುಡುಕಿ. ಸ್ಪೆಲಿಂಗ್ ತಿದ್ದುವ ಪಿಆರ್‌ನಿಂದ ಏನೂ ಕಲಿಯುವುದಿಲ್ಲ, ಎಚ್ಚರಿಕೆ ಸಂದೇಶ ಸುಧಾರಿಸುವ ಇಶ್ಯೂ ಸಿಕ್ಕರೆ ಬಿಡಬೇಡಿ. ಬ್ರೌಸರಿನಲ್ಲೇ ಕಂಪೈಲ್ ಮಾಡಿ ನೋಡುವ ಕಂಪೈಲರ್ ಎಕ್ಸ್‌ಪ್ಲೋರರ್ ತಾಣದಲ್ಲಿ 'ಅಸರ್ಷನ್ಸ್ ಟ್ರಂಕ್' (ಅಸರ್ಟ್ ಆನ್ ಇರುವ ಇತ್ತೀಚಿನ ಕ್ಲ್ಯಾಂಗ್) ಆಯ್ಕೆ ಹಾಕಿ ಬಗ್ ಇನ್ನೂ ಇದೆಯೇ ನೋಡಿ, ಹಳೆಯ ಎಷ್ಟೋ ಇಶ್ಯೂಗಳು ಆಗಲೇ ಸರಿಯಾಗಿರುತ್ತವೆ. ಬೇರೆಯವರಿಗೆ ಅಸೈನ್ ಆಗಿಲ್ಲದಿದ್ದರೆ ನಿಮಗೆ ಕೊಡುವಂತೆ ಕಾಮೆಂಟ್ ಹಾಕಿ.

ಕೋಡ್ ಮುಟ್ಟುವ ಮೊದಲು ಟೆಸ್ಟ್ ಬರೆಯಿರಿ. ಕ್ಲ್ಯಾಂಗ್‌ನ ಟೆಸ್ಟ್ ಎಂದರೆ ಒಂದು ಪುಟ್ಟ ಸಿ ಪ್ಲಸ್ ಪ್ಲಸ್ ಫೈಲ್: ಮೇಲೆ ಹೇಗೆ ಓಡಿಸಬೇಕೆನ್ನುವ ರನ್ ಸಾಲು, ಎಚ್ಚರಿಕೆ ಬರಬೇಕಾದ ಸಾಲಿನ ಪಕ್ಕ ಅದೇ ಎಚ್ಚರಿಕೆ ಕಾಮೆಂಟಿನಲ್ಲಿ. ನಿಜವಾಗಿ ಬಂದ ಎಚ್ಚರಿಕೆಯನ್ನೂ ಆ ಕಾಮೆಂಟನ್ನೂ ವೆರಿಫೈ ಆಯ್ಕೆ ಹೋಲಿಸುತ್ತದೆ. ಟೆಸ್ಟ್ ಓಡಿಸುವ ಸಾಧನ ಲಿಟ್‌ನಿಂದ ಆ ಒಂದೇ ಫೈಲ್ ಓಡಿಸಿ, ಫೇಲ್ ಆಗುವುದನ್ನು ಕಣ್ಣಾರೆ ನೋಡಿ, ಆಮೇಲೆ ತಿದ್ದಿ. ಸಂದೇಶಗಳ ಪಠ್ಯ ಟೇಬಲ್‌ಜೆನ್ (ಎಲ್‌ಎಲ್‌ವಿಎಂ ಪಟ್ಟಿಗಳನ್ನು ಬರೆದಿಡುವ ಭಾಷೆ) ಫೈಲುಗಳಲ್ಲಿರುತ್ತದೆ. ಸಂದೇಶದ ಒಂದು ತುಣುಕು ಹಿಡಿದು ಗ್ರೆಪ್ ಮಾಡಿದರೆ (ಫೈಲುಗಳಲ್ಲಿ ಹುಡುಕಿದರೆ) ಅದರ ಹೆಸರು ಸಿಗುತ್ತದೆ, ಆ ಹೆಸರನ್ನು ಗ್ರೆಪ್ ಮಾಡಿದರೆ ಅದನ್ನು ಹೊರಡಿಸುವ ಫಂಕ್ಷನ್ ಸಿಗುತ್ತದೆ. ಪುಸ್ತಕದ ಐದು ಅಧ್ಯಾಯಕ್ಕಿಂತ ಈ ಎರಡು ಗ್ರೆಪ್ ಹೆಚ್ಚು ಕಲಿಸುತ್ತವೆ, ಇದರಲ್ಲಿ ನನಗೆ ಅನುಮಾನವೇ ಇಲ್ಲ. ಕೊನೆಗೆ ಚೆಕ್-ಕ್ಲ್ಯಾಂಗ್, ಅಂದರೆ ಕ್ಲ್ಯಾಂಗ್‌ನ ಟೆಸ್ಟ್‌ಗಳನ್ನೆಲ್ಲ, ಪೂರ್ತಿ ಓಡಿಸಿ.

ಕೋಡಿನ ಸಾಲು, ಖಾಲಿ ಜಾಗ ಒಪ್ಪವಾಗಿಸುವ ಕ್ಲ್ಯಾಂಗ್-ಫಾರ್ಮ್ಯಾಟನ್ನು ಇಡೀ ಫೈಲಿಗೆ ಹಚ್ಚಬೇಡಿ, ನಿಮ್ಮ ನಾಲ್ಕು ಸಾಲು ನೂರಾರು ಸಾಲಿನ ನಡುವೆ ಕಳೆದುಹೋಗುತ್ತದೆ. ಗಿಟ್ ಕ್ಲ್ಯಾಂಗ್-ಫಾರ್ಮ್ಯಾಟ್ ಬದಲಾದ ಸಾಲುಗಳನ್ನಷ್ಟೇ ತಿದ್ದುತ್ತದೆ. ರಿವ್ಯೂ ಬಂದ ಮೇಲೆ ಫೋರ್ಸ್ ಪುಶ್ (ಹಳೆಯ ಕಮಿಟ್ ಮೇಲೆ ತಿದ್ದಿ ಬರೆಯುವುದು) ಬೇಡ, ಹೊಸ ಕಮಿಟ್ ಸೇರಿಸಿ, ಮರ್ಜ್ ಆಗುವಾಗ, ಅಂದರೆ ಮುಖ್ಯ ಕೋಡಿಗೆ ಸೇರುವಾಗ, ಎಲ್ಲ ಒಂದಾಗುತ್ತದೆ. ಉತ್ತರ ಬರದಿದ್ದರೆ ವಾರ ಬಿಟ್ಟು 'ಪಿಂಗ್' ಎಂದು ಬರೆಯಿರಿ. ಅಲ್ಲಿ ಅದು ಒರಟುತನವಲ್ಲ, ರೂಢಿ. ಒಪ್ಪಿಗೆ ಸಿಕ್ಕರೂ ನಿಮಗೆ ಮರ್ಜ್ ಮಾಡುವ ಹಕ್ಕಿರುವುದಿಲ್ಲ, ರಿವ್ಯೂ ಮಾಡಿದವರನ್ನೇ ಕೇಳಬೇಕು. ಮರ್ಜ್ ಆದ ಮೇಲೆ ಬಿಲ್ಡ್‌ಬಾಟ್‌ಗಳು ಬೇರೆ ಬೇರೆ ಯಂತ್ರಗಳಲ್ಲಿ ಪರೀಕ್ಷಿಸುತ್ತವೆ. ಎಲ್ಲಾದರೂ ಮುರಿದರೆ ನಿಮಗೆ ಮೇಲ್ ಬರುತ್ತದೆ, ಬೇಗ ಉತ್ತರಿಸದಿದ್ದರೆ ಪ್ಯಾಚ್ ರಿವರ್ಟ್ ಮಾಡುತ್ತಾರೆ, ಅಂದರೆ ಹಿಂದಕ್ಕೆ ತೆಗೆಯುತ್ತಾರೆ. ಹಾಗಾದರೆ ಅವಮಾನವೆಂದುಕೊಳ್ಳದೆ ಸರಿಪಡಿಸಿ ಮತ್ತೆ ಹಾಕಿ. ಮರ್ಜ್ ಮಾಡಿ ಎಂದು ಕೇಳುವುದನ್ನು ಮಾತ್ರ ಮುಂದಿನ ಕೆಲವು ಗಂಟೆ ನೀವು ನೆಟ್‌ವರ್ಕ್ ಸಿಗುವ ಕಡೆ ಇರುವ ದಿನಕ್ಕೇ ಇಟ್ಟುಕೊಳ್ಳಿ.