ಸಿಯಲ್ಲಿ ಬೇಕಾದ ಬ್ರೇಕ್ ಪೈಥಾನ್‌ನಲ್ಲಿ ಏಕೆ ಬೇಡ?

ಪ್ರಶ್ನೆ: ಭತ್ತದ ಚೀಲಗಳ ಬಿಲ್ ಮಾಡಲು ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದೆ. ದರ್ಜೆ 1ಕ್ಕೆ 2400, 2ಕ್ಕೆ 2200, 3ಕ್ಕೆ 2000 ರೂಪಾಯಿ. ಯಾವ ದರ್ಜೆ ಕೊಟ್ಟರೂ 2000 ಬರುತ್ತಿತ್ತು. ಸ್ವಿಚ್‌ನ ಪ್ರತಿ ಕೇಸ್‌ನ ಕೊನೆಗೆ ಬ್ರೇಕ್ ಹಾಕಿದ ಮೇಲೆ ಸರಿಹೋಯಿತು. ಅದನ್ನೇ ಪೈಥಾನ್‌ನ ಮ್ಯಾಚ್‌ನಲ್ಲಿ ಬರೆದರೆ ಒಂದೊಂದೇ ಚೀಲಕ್ಕೆ ಅದೇ ಕೆಲಸ ಮತ್ತೆ ಮಾಡುವ ಲೂಪ್ ಮೊದಲ ಚೀಲಕ್ಕೇ ನಿಂತುಬಿಡುತ್ತದೆ. ಏಕೆ?
– ಬಿ.ಸಿ.ಎ. ವಿದ್ಯಾರ್ಥಿನಿ, ಗಂಗಾವತಿ

ಉತ್ತರ: ದರ್ಜೆ ನೋಡಿ ಹಲವು ದಾರಿಗಳಲ್ಲಿ ಒಂದನ್ನು ಆಯುವುದಕ್ಕೆ ಸಿಯಲ್ಲಿ ಸ್ವಿಚ್, ಪೈಥಾನ್‌ನಲ್ಲಿ ಮ್ಯಾಚ್; ಒಂದೊಂದು ದಾರಿಯೂ ಒಂದು ಕೇಸ್. ಬ್ರೇಕ್ ಎಂದರೆ ‘ಇಲ್ಲಿಂದ ಹೊರಬಾ’ ಎಂಬ ಆಜ್ಞೆ. ಸಿಯ ಸ್ವಿಚ್‌ನಲ್ಲಿ ಕೇಸ್ ಎಂಬುದು ಎಲ್ಲಿಂದ ಶುರು ಮಾಡಬೇಕೆಂದು ತೋರಿಸುವ ಗುರುತು ಮಾತ್ರ, ಎಲ್ಲಿ ನಿಲ್ಲಬೇಕೆಂದು ಅದು ಹೇಳುವುದಿಲ್ಲ. ಮೇಲಿನ ಗದ್ದೆಯ ಬದುವಿನ ಬಾಯಿ ಮುಚ್ಚದಿದ್ದರೆ ನೀರು ಕೆಳಗಿನ ಗದ್ದೆಗೂ ಇಳಿಯುತ್ತದಲ್ಲ, ಹಾಗೆ ದರ 2400 ಆಗಿ, 2200 ಆಗಿ, ಕೊನೆಗೆ 2000ಕ್ಕೆ ಬಂದು ನಿಂತಿದೆ. ಸಿ ಪ್ರೋಗ್ರಾಂ ಅನ್ನು ಯಂತ್ರಭಾಷೆಗೆ ಬದಲಿಸುವ (ಕಂಪೈಲ್ ಮಾಡುವ) ಜಿಸಿಸಿ ತಂತ್ರಾಂಶದ 7 ಅಥವಾ ನಂತರದ ಆವೃತ್ತಿ ಇದ್ದರೆ ಡಬ್ಲ್ಯೂ-ಎಕ್ಸ್‌ಟ್ರಾ (-Wextra) ಎಂಬ ಎಚ್ಚರಿಕೆಯ ಆಯ್ಕೆ ಕೊಟ್ಟು ಕಂಪೈಲ್ ಮಾಡಿ, ಮರೆತ ಬ್ರೇಕನ್ನು ಅದೇ ಎತ್ತಿ ತೋರಿಸುತ್ತದೆ. ಡಬ್ಲ್ಯೂ-ಆಲ್ (-Wall) ಒಂದೇ ಸಾಲದು.

ಪೈಥಾನ್‌ಗೆ ಮ್ಯಾಚ್ ಬಂದದ್ದು 2021ರ 3.10 ಆವೃತ್ತಿಯಲ್ಲಿ. ಅಲ್ಲಿ ಒಂದು ಕೇಸ್ ಮುಗಿದರೆ ಮ್ಯಾಚ್ ಮುಗಿದಂತೆ. ಬ್ರೇಕ್‌ಗೂ ಮ್ಯಾಚ್‌ಗೂ ಸಂಬಂಧವೇ ಇಲ್ಲದ್ದರಿಂದ ನೀವು ಬರೆದ ಬ್ರೇಕ್ ಹೊರಗಿನ ಲೂಪನ್ನು ನಿಲ್ಲಿಸಿದೆ. ಲೂಪ್ ಇಲ್ಲದಿದ್ದರೆ ಸಿಂಟ್ಯಾಕ್ಸ್ ಎರರ್ (ಬರವಣಿಗೆಯ ನಿಯಮ ತಪ್ಪಿದೆ ಎಂಬ ಸಂದೇಶ) ಬಂದು ತಪ್ಪು ಆಗಲೇ ಗೊತ್ತಾಗುತ್ತಿತ್ತು. ಮೂರೂ ಬ್ರೇಕ್ ತೆಗೆಯಿರಿ, ಸಾಕು.

ಗೋ ಭಾಷೆ ಇವೆರಡರ ನಡುವಿನದು: ಕೇಸ್ ತಾನಾಗಿ ಕೆಳಗೆ ಜಾರುವುದಿಲ್ಲ, ಆದರೆ ಬ್ರೇಕ್ ಹಾಕಿದರೆ ಸಿಯಂತೆ ಸ್ವಿಚ್‌ನಿಂದ ಮಾತ್ರ ಹೊರಬರುತ್ತದೆ. ಲೂಪನ್ನೇ ಬಿಡಬೇಕಾದರೆ ಅದಕ್ಕೆ ಲೇಬಲ್ (ಹೆಸರು) ಕೊಟ್ಟು ಬ್ರೇಕ್ ಜೊತೆ ಅದನ್ನು ಬರೆಯಬೇಕು. ಜಾವಾದ ಹಳೆಯ ಕೋಲನ್ (:) ಶೈಲಿ ಸಿಯಂತೆಯೇ. ಜಾವಾ 14ರಲ್ಲಿ ಕಾಯಂ ಆದ ಬಾಣದ (->) ಶೈಲಿಯಲ್ಲಿ ಜಾರುವ ಕಾಟವಿಲ್ಲ.

ನಾಳೆ 2 ಮತ್ತು 3ಕ್ಕೆ ಒಂದೇ ದರ ಮಾಡಬೇಕಾದೀತು. ಸಿಯಲ್ಲಿ ಎರಡು ಕೇಸ್ ಒಂದರ ಕೆಳಗೊಂದು ಬರೆದರಾಯಿತು. ಜಾರುವ ಗುಣ ಉಪಯೋಗಕ್ಕೆ ಬರುವುದು ಇಲ್ಲೇ. ಗೋದಲ್ಲಿ ನಡುವೆ ಅಲ್ಪವಿರಾಮ, ಪೈಥಾನ್‌ನಲ್ಲಿ ಉದ್ದಗೆರೆ (|). ಪೈಥಾನ್‌ನಲ್ಲೂ ಅಲ್ಪವಿರಾಮ ಹಾಕಿದಿರೋ, ಅದು 2 ಮತ್ತು 3 ಎರಡೂ ಇರುವ ಜೋಡಿಯನ್ನು ಹುಡುಕುತ್ತದೆ. ಯಾವ ದರ್ಜೆಯೂ ಹೊಂದುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಇನ್‌ಪುಟ್‌ನಿಂದ ಬಂದದ್ದನ್ನು ಪೂರ್ಣಾಂಕಕ್ಕೆ, ಅಂದರೆ ಇಂಟ್‌ಗೆ ಬದಲಿಸಲು ಮರೆತರೂ ಇದೇ ಗತಿ, ಏಕೆಂದರೆ ಅದು ಅಂಕಿಯಲ್ಲ, ಸ್ಟ್ರಿಂಗ್ (ಅಕ್ಷರಗಳ ಸಾಲು).

ಯಾವ ಕೇಸೂ ಹೊಂದದಿದ್ದರೆ ಸಿ, ಪೈಥಾನ್ ಎರಡೂ ಸುಮ್ಮನೆ ಮುಂದೆ ಹೋಗುತ್ತವೆ. ಹಿಂದಿನ ಚೀಲದ ದರವೇ ಈ ಚೀಲಕ್ಕೂ ಅಂಟಿಕೊಳ್ಳುತ್ತದೆ. ಸಿಯಲ್ಲಿ ಡಿಫಾಲ್ಟ್, ಪೈಥಾನ್‌ನಲ್ಲಿ ಕೇಸ್ ಅಂಡರ್‌ಸ್ಕೋರ್ (case _) ಬರೆದು, ಅಲ್ಲಿ ‘ತಪ್ಪು ದರ್ಜೆ’ ಎಂದು ತೋರಿಸಿ, ಕಂಟಿನ್ಯೂ ಹಾಕಿ ಮುಂದಿನ ಚೀಲಕ್ಕೆ ಹೋಗಿ. ಕಂಟಿನ್ಯೂ ಮಾತ್ರ ಎರಡೂ ಭಾಷೆಗಳಲ್ಲಿ ಲೂಪಿಗೇ ಸೇರಿದ್ದು.